ಮೇಜಿನ ಮೇಲೊಂದು ತಕ್ಕೋಲಂ

ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಂಡೆಯಲ್ಲಿ ಪೌರವರ ದೊರೆ ಪೋರಸ್ ಅಲೆಕ್ಸಾಂಡರನಿಗೆ ಎದುರಾಗಿ ಆನೆಗಳ ಸಾಲು ನಿಲ್ಲಿಸಿದ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಸಾಲು ಎಷ್ಟು ಉದ್ದವಿತ್ತು? ಗ್ರೀಕ್ ಇತಿಹಾಸಕಾರ ಅರ್ರಿಯನ್ ಪ್ರಕಾರ ಆನೆಗಳು 200. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ನೂರು ಅಡಿ ಅಂತರ. ಗುಣಿಸಿದರೆ ಸಾಲು ಆರು ಕಿಲೋಮೀಟರ್ ಆಗುತ್ತದೆ. ರಾತ್ರೋರಾತ್ರಿ ಹೊಳೆ ದಾಟಿ ಬಂದ ಅಲೆಕ್ಸಾಂಡರನ ಜೊತೆಗಿದ್ದ ಕಾಲಾಳುಗಳು ಸುಮಾರು 6,000, ಕುದುರೆ ಸವಾರರು ಸುಮಾರು 5,000 ಎಂದೂ ಅವನೇ ಬರೆಯುತ್ತಾನೆ. ಆ ಕಾಲಾಳುಗಳನ್ನು ಒಬ್ಬರ ಹಿಂದೆ ಒಬ್ಬರಂತೆ ಎಂಟು ಆಳು ಆಳಕ್ಕೆ, ಪ್ರತಿಯೊಬ್ಬನಿಗೂ ಒಂದು ಮೀಟರ್ ಜಾಗ ಬಿಟ್ಟು ನಿಲ್ಲಿಸಿದರೆ ಮುಕ್ಕಾಲು ಕಿಲೋಮೀಟರಿಗೇ ಸಾಲು ಮುಗಿದುಹೋಗುತ್ತದೆ. ಆರು ಕಿಲೋಮೀಟರಿನ ಎದುರು ಮುಕ್ಕಾಲು ಕಿಲೋಮೀಟರ್! ಪುಸ್ತಕ ಓದುವಾಗ ಕಣ್ಣಿಗೇ ಬೀಳದ ಈ ತೊಡಕು, ಅದೇ ಕಾಳಗವನ್ನು ಬೊಂಬೆಗಳಿಟ್ಟು ಮೇಜಿನ ಮೇಲೆ ಹೂಡಲು ಹೊರಟಾಗ ಮೊದಲ ಹತ್ತು ನಿಮಿಷದಲ್ಲೇ ಎದುರಾಗುತ್ತದೆ. ಆಗ ಇತರ ಪ್ರಾಚೀನ ಇತಿಹಾಸಕಾರರಾದ ಕರ್ಟಿಯಸ್ ಹೇಳುವ 85 ಆನೆಗಳ ಲೆಕ್ಕವನ್ನೂ ಡಯೊಡೊರಸ್ ಹೇಳುವ 130ರ ಲೆಕ್ಕವನ್ನೂ ತೆಗೆದು ನೋಡದೆ ವಿಧಿಯಿಲ್ಲ.

ಹೀಗೆ ನೋಡುವುದನ್ನೇ ಹವ್ಯಾಸ ಮಾಡಿಕೊಂಡವರು ಜಗತ್ತಿನ ಹಲವು ಊರುಗಳಲ್ಲಿದ್ದಾರೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಊರಿನ ಯಾವುದಾದರೂ ಸಭಾಂಗಣದಲ್ಲಿ ಸೇರುತ್ತಾರೆ. ಮಡಿಚುವ ಮೇಜುಗಳನ್ನು ಜೋಡಿಸಿ ಹಸಿರು ಬಟ್ಟೆ ಹಾಸುತ್ತಾರೆ. ಥರ್ಮಕೋಲಿನ ಗುಡ್ಡ, ನೀಲಿ ಪಟ್ಟಿಯ ಹೊಳೆ, ಪುಟ್ಟ ಮರಗಳ ತೋಪು ಇಟ್ಟು ಎರಡೂ ಬದಿಯಲ್ಲಿ ಬೆರಳುದ್ದದ ಸೈನಿಕರನ್ನು ನಿಲ್ಲಿಸುತ್ತಾರೆ. ಒಂದು ಮೇಜಿನಲ್ಲಿ ರೋಮನ್ನರೂ ಕಾರ್ಥೇಜಿನವರೂ ಇದ್ದರೆ, ಪಕ್ಕದ ಮೇಜಿನಲ್ಲಿ ಮಂಗೋಲರೂ ಹಂಗೆರಿಯ ರಾವುತರೂ ಇರುತ್ತಾರೆ. ದಾಳ, ಅಳತೆ ಪಟ್ಟಿ, ನಿಯಮಗಳ ಪುಸ್ತಕ ಇಷ್ಟೇ ಸರಂಜಾಮು. ಇದಕ್ಕೆ ಮಿನಿಯೇಚರ್ ವಾರ್‌ಗೇಮ್ ಎನ್ನುತ್ತಾರೆ. ಬೊಂಬೆಗಳ ಯುದ್ಧದಾಟ ಎಂದುಕೊಳ್ಳೋಣ. ಕಂಪ್ಯೂಟರ್ ಪರದೆಯ ಕಾಲದಲ್ಲೂ ಇದು ಉಳಿದು ಬೆಳೆದಿದೆ. ಇತಿಹಾಸವನ್ನು ಪ್ರೀತಿಸುವವರಿಗೆ ಇದರಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಯುದ್ಧವನ್ನು ಮಣೆಯ ಮೇಲೆ ಆಡುವುದು ನಮಗೆ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯಿಂದಲೇ ಚದುರಂಗ ಹುಟ್ಟಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗವನ್ನೂ ವಿವರಿಸಿದ್ದಾನೆ. ಅದೇ ಚದುರಂಗ ಯುರೋಪಿಗೆ ಹೋಗಿ, 1780ರಲ್ಲಿ ಹೆಲ್ವಿಗ್ ಎಂಬ ಜರ್ಮನ್ ಪಂಡಿತನ ಕೈಯಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳ ಯುದ್ಧ ಚದುರಂಗವಾಯಿತು. ಪ್ರಷ್ಯದ ರೈಸ್‌ವಿಟ್ಸ್ ಎಂಬಾತ ಮನೆಗಳನ್ನೇ ತೆಗೆದುಹಾಕಿ, 1812ರಲ್ಲಿ ದೊರೆಗೆ ನೆಲದ ಏರುತಗ್ಗು ತೋರಿಸುವ ಆಟದ ಮೇಜೊಂದನ್ನು ಒಪ್ಪಿಸಿದ. ಅವನ ಮಗ 1824ರಲ್ಲಿ ನಕ್ಷೆ, ದಾಳ, ತೀರ್ಪುಗಾರರೊಂದಿಗೆ ಅದನ್ನು ಸೇನಾಧಿಕಾರಿಗಳ ತರಬೇತಿಗೆ ಒಗ್ಗುವಂತೆ ತಿದ್ದಿದ. 1870–71ರಲ್ಲಿ ಪ್ರಷ್ಯ ಫ್ರಾನ್ಸನ್ನು ಸೋಲಿಸಿದ ಮೇಲೆ ಉಳಿದ ದೇಶಗಳ ಸೇನೆಗಳೂ ಈ ಆಟವನ್ನು ಗಂಭೀರವಾಗಿ ಕಲಿತವು.

ಸೇನಾಧಿಕಾರಿಗಳ ಕೋಣೆಯಲ್ಲಿದ್ದ ಈ ಆಟ ಜನಸಾಮಾನ್ಯರ ಮನೆಗೆ ಬಂದದ್ದು ಬ್ರಿಟನ್ನಿನಲ್ಲಿ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು, ಆಟಿಕೆಯ ಸೈನಿಕರನ್ನೂ ಸ್ಪ್ರಿಂಗ್ ಫಿರಂಗಿಯನ್ನೂ ನೆಲದ ಮೇಲೆ ಹರಡಿ ಆಡುವ ಕ್ರಮವನ್ನು ತಿಳಿಸಿದ. ಪ್ರಾಚೀನ ಮತ್ತು ಮಧ್ಯಯುಗದ ಕಾಳಗಗಳಿಗೆ ಈ ಆಟವನ್ನು ಒಗ್ಗಿಸಿದ ಕೀರ್ತಿ ಮಾತ್ರ ದಕ್ಷಿಣ ಇಂಗ್ಲೆಂಡಿನ ಬಂದರು ನಗರ ಸೌತಾಂಪ್ಟನ್ನಿಗೆ ಸಲ್ಲಬೇಕು. 1950ರ ದಶಕದಲ್ಲಿ ಅಲ್ಲಿ ಟೋನಿ ಬಾತ್ ಎಂಬಾತ ತವರದ ಚಪ್ಪಟೆ ಬೊಂಬೆಗಳಿಂದ ಪ್ರಾಚೀನ ಸೇನೆಗಳನ್ನು ಕಟ್ಟಿ ಆಡುತ್ತಿದ್ದ. ಅದೇ ಊರಿನ ಫಿಸಿಯೊಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ ಅವನಿಗೆ ಜೊತೆಯಾದ. ಫೆದರ್‌ಸ್ಟೋನ್ 1962ರಲ್ಲಿ ತಂದ ‘ವಾರ್ ಗೇಮ್ಸ್’ ಪುಸ್ತಕದಲ್ಲಿ ಬಾತ್‌ನ ಪ್ರಾಚೀನ ಯುದ್ಧದ ನಿಯಮಗಳೂ ಅಚ್ಚಾದವು. 1965ರಲ್ಲಿ ಬಾತ್ ‘ಸೊಸೈಟಿ ಆಫ್ ಏನ್ಷಿಯಂಟ್ಸ್’ ಸ್ಥಾಪಿಸಿದ. ‘ಸ್ಲಿಂಗ್‌ಶಾಟ್’ ಎಂಬ ಅದರ ಪತ್ರಿಕೆಯಲ್ಲಿ ಆಟಗಾರರು, ಹವ್ಯಾಸಿ ಸಂಶೋಧಕರು, ವಿದ್ವಾಂಸರು ಒಟ್ಟಿಗೆ ಬರೆಯುತ್ತಾ ಬಂದಿದ್ದಾರೆ. ವರ್ಷಕ್ಕೊಮ್ಮೆ ಅದರ ಸದಸ್ಯರು ಒಂದೆಡೆ ಸೇರಿ, ಒಂದೇ ಕಾಳಗವನ್ನು ಹಲವು ಮೇಜುಗಳಲ್ಲಿ ಬೇರೆ ಬೇರೆ ನಿಯಮಗಳಿಂದ ಆಡಿ ಹೋಲಿಸಿ ನೋಡುತ್ತಾರೆ. ಒಂದು ಊರಿನ ಕೆಲವು ಗೆಳೆಯರ ಸಂಜೆಯ ಆಟ ಹೀಗೆ ದೇಶ ದಾಟಿ ಹರಡಿತು.

ಈಗ ಆಟದ ಒಳಗೆ ಇಳಿಯೋಣ. ನಿಯಮಾವಳಿಗಳು ಹತ್ತಾರು ಇವೆ. ಹೊಸಬರಿಗೆ ಹೇಳಿಕೊಡಲು ನಾನು ಆರಿಸಿಕೊಳ್ಳುವುದು 1990ರಲ್ಲಿ ಫಿಲ್ ಬಾರ್ಕರ್ ಮತ್ತು ಜೊತೆಗಾರರು ಹೊರತಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’. ಆಟಗಾರರ ಬಾಯಲ್ಲಿ ಅದು ಡಿಬಿಎ. ಒಂದೊಂದು ಕಡೆಗೆ ಹನ್ನೆರಡೇ ತುಕಡಿ. ಹದಿನೈದು ಮಿಲಿಮೀಟರ್ ಅಳತೆಯ ಬೊಂಬೆಗಳಾದರೆ 40 ಮಿಲಿಮೀಟರ್ ಅಗಲದ ಒಂದು ತಳಪಟ್ಟಿಯ ಮೇಲೆ ಅಂಟಿಸಿದ ಬೊಂಬೆಗಳೇ ಒಂದು ತುಕಡಿ: ಒತ್ತಾಗಿ ನಿಂತು ಕಾದುವ ಕಾಲಾಳುಗಳಾದರೆ ನಾಲ್ವರು, ರಾವುತರಾದರೆ ಮೂವರು, ಚದುರಿ ನಿಂತು ಈಟಿ ಎಸೆಯುವ ಹಗುರ ಪಡೆಯಾದರೆ ಇಬ್ಬರು, ಆನೆಯಾದರೆ ಒಂದೇ. ಎರಡಡಿ ಉದ್ದ, ಎರಡಡಿ ಅಗಲದ ಕಣ. ಒಂದು ಗಂಟೆಯೊಳಗೆ ಸಾಮಾನ್ಯವಾಗಿ ಆಟ ತೀರ್ಮಾನವಾಗುತ್ತದೆ.

ಚದುರಂಗದಲ್ಲಿ ನಾವು ಎತ್ತಿಟ್ಟ ಕಾಯಿ ಇಟ್ಟಲ್ಲಿಗೆ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಪ್ರತಿ ಸರದಿಯ ಮೊದಲಿಗೆ ಆಟಗಾರ ಒಂದು ದಾಳ ಉರುಳಿಸಬೇಕು. ಆರು ಬಿದ್ದರೆ ಆರು ತುಕಡಿಗಳನ್ನೋ ಆರು ಗುಂಪುಗಳನ್ನೋ ನಡೆಸಬಹುದು. ಒಂದು ಬಿದ್ದರೆ ಒಂದನ್ನೇ. ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಂತ ತುಕಡಿಗಳೆಲ್ಲ ಒಂದು ಗುಂಪು. ಸೇನಾಪತಿಯಿಂದ ತುಂಬಾ ದೂರ ಹೋದ ಪಡೆಗೆ ಅಪ್ಪಣೆ ತಲುಪಿಸಲು ಹೆಚ್ಚಿನ ಬೆಲೆ ತೆರಬೇಕು. ಆಟಗಾರನ ಎಡಗಡೆ ರಾವುತರು ಶತ್ರುವಿನ ಬೆನ್ನಿಗೆ ಸುತ್ತಿ ಬರುವ ಹೊತ್ತಿದು ಎಂದಿಟ್ಟುಕೊಳ್ಳಿ. ಬಲಗಡೆ ಗುಡ್ಡದ ಮೇಲೆ ಹಗುರ ಪಡೆ ಸಿಕ್ಕಿಬಿದ್ದಿದೆ. ನಡುವಿನ ಈಟಿಯವರ ಸಾಲು ಮುಂದೆ ಸಾಗದಿದ್ದರೆ ಆನೆಗಳಿಗೆ ಸಿಗುತ್ತದೆ. ದಾಳ ಹಾಕಿದರೆ ಒಂದು ಬಿತ್ತು! ಮೂರರಲ್ಲಿ ಒಂದನ್ನು ಉಳಿಸಿಕೊಂಡು ಎರಡನ್ನು ಬಿಡಬೇಕು. ಮೊದಲೇ ಯೋಚಿಸಿ ಸೇನೆಯನ್ನು ಒಟ್ಟಾಗಿ ಇಟ್ಟುಕೊಂಡವನು ಒಂದರಲ್ಲೂ ಬದುಕುತ್ತಾನೆ. ಹಂಚಿ ಚದುರಿಸಿದವನು ಪರದಾಡುತ್ತಾನೆ. ಧೂಳು, ಗದ್ದಲ, ಭಯಗಳ ನಡುವೆ ಕಹಳೆಯ ದನಿಯನ್ನೂ ಓಡುವ ದೂತನನ್ನೂ ನಂಬಿದ್ದ ಆ ಕಾಲದ ದಂಡನಾಯಕನಿಗೆ ತನ್ನ ಸೇನೆಯ ಮೇಲಿದ್ದ ಹಿಡಿತ ಎಷ್ಟು ಸಡಿಲವಾಗಿತ್ತು ಎಂಬುದನ್ನು ಆ ಒಂದು ದಾಳ ಕಲಿಸುತ್ತದೆ.

ಕೈಕೈ ಮಿಲಾಯಿಸಿದಾಗಲೂ ಲೆಕ್ಕ ಸರಳ. ಕತ್ತಿಯ ಕಾಲಾಳುಗಳಿಗೆ ಇನ್ನೊಂದು ಕಾಲಾಳು ಪಡೆಯ ಎದುರು 5 ಅಂಕ, ಈಟಿಯವರಿಗೆ 4. ಇಬ್ಬರೂ ದಾಳ ಹಾಕಿ ತಮ್ಮ ಅಂಕಕ್ಕೆ ಕೂಡಿಸುತ್ತಾರೆ. ಕಡಿಮೆ ಬಂದವರು ಹಿಂದೆ ಸರಿಯುತ್ತಾರೆ. ಎದುರಾಳಿಯ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದರೆ ತುಕಡಿಯೇ ನಾಶ. ಸಾಲು ಸರಿಯಾಗಿದ್ದಾಗ ಈಟಿಯ ತುಕಡಿ ಒಂದೇ ಹೊಡೆತಕ್ಕೆ ನಾಶವಾಗುವ ಸಂಭವ 36ರಲ್ಲಿ ಎರಡು ಮಾತ್ರ. ಅದರ ಎಡಬಲದ ಜೊತೆಗಾರರು ಹಿಂದೆ ಸರಿದು, ಶತ್ರು ಎರಡೂ ಕಡೆಯಿಂದ ಚಾಚಿಕೊಂಡರೆ ಕಡೆಗೊಂದರಂತೆ ಎರಡು ಅಂಕ ಕಳೆಯುತ್ತವೆ. ಆಗ ಅದೇ ಸಂಭವ 36ರಲ್ಲಿ ಹನ್ನೆರಡಕ್ಕೆ ಏರುತ್ತದೆ. ಆರು ಪಟ್ಟು! ಪ್ರಾಚೀನ ಸೇನೆಗಳು ಸಾಲು ಕೆಡದಂತೆ ಅಷ್ಟೊಂದು ಜತನ ಮಾಡುತ್ತಿದ್ದುದು ಏಕೆ, ಸಾಲು ಒಡೆದ ಮೇಲೆ ಕೊಲೆ ಹೆಚ್ಚುತ್ತಿದ್ದುದು ಏಕೆ ಎಂಬುದನ್ನು ಒಂದು ಅಧ್ಯಾಯ ಓದಿ ತಿಳಿಯುವುದಕ್ಕಿಂತ ಬೇಗ ಈ ಲೆಕ್ಕ ತಿಳಿಸಿಬಿಡುತ್ತದೆ.

ನಿಯಮಗಳ ಹಿಂದೆ ಆಧಾರಗಳೂ ಇವೆ. ಈ ಆಟದಲ್ಲಿ ಆನೆ ಭಯಂಕರ ಬಲದ್ದು. ಆದರೆ ಚದುರಿ ನಿಂತ ಹಗುರ ಪಡೆಯ ಎದುರು ಅದು ಒಮ್ಮೆ ಸೋತರೆ ಹಿಂದೆ ಸರಿಯುವುದಿಲ್ಲ, ನೇರವಾಗಿ ನಾಶವಾಗುತ್ತದೆ. ಝೇಲಂ ದಂಡೆಯಲ್ಲಿ ಈಟಿ ಎಸೆಯುವವರು ಸುತ್ತುವರಿದು ಮಾವುತರನ್ನು ಕೆಡವಿದಾಗ ಆನೆಗಳು ತಮ್ಮವರನ್ನೇ ತುಳಿದ ವರ್ಣನೆ ಅರ್ರಿಯನ್‌ನಲ್ಲಿದೆ. ಕ್ರಿ.ಪೂ. 202ರಲ್ಲಿ ಜಾಮಾದಲ್ಲಿ ರೋಮಿನ ಸಿಪಿಯೊ ಹ್ಯಾನಿಬಲ್‌ನ ಆನೆಗಳಿಗೆ ತನ್ನ ಸಾಲುಗಳ ನಡುವೆ ಓಣಿ ಬಿಟ್ಟು, ಹಗುರ ಪಡೆಯಿಂದ ಅವನ್ನು ಆ ಓಣಿಗಳಿಗೆ ಅಟ್ಟಿಸಿದ. ಇಂಥ ವಿವರಗಳನ್ನು ಓದಿಯೇ ನಿಯಮ ಬರೆಯುವವರು ಅಂಕ ಕಟ್ಟುತ್ತಾರೆ. ಅಂಕ ಒಪ್ಪದ ಆಟಗಾರ ಮೂಲ ಗ್ರಂಥವನ್ನು ಹಿಡಿದುಕೊಂಡೇ ಜಗಳಕ್ಕೆ ಬರುತ್ತಾನೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಫಿಲಿಪ್ ಸೇಬಿನ್ 2007ರ ‘ಲಾಸ್ಟ್ ಬ್ಯಾಟಲ್ಸ್’ ಗ್ರಂಥದಲ್ಲಿ ಇದನ್ನೇ ಸಂಶೋಧನೆಯ ಕ್ರಮವಾಗಿ ಬೆಳೆಸಿದರು. ಹಲವು ಪ್ರಾಚೀನ ಕಾಳಗಗಳಿಗೆ ಒಂದೇ ಮಾದರಿಯ ಆಟವನ್ನು ಅನ್ವಯಿಸಿ, ಮೂಲಗಳು ಹೇಳುವ ಸಂಖ್ಯೆಗಳಲ್ಲಿ ಯಾವುದು ನಂಬಲರ್ಹ ಎಂದು ತೂಗಿ ನೋಡುವ ಕೆಲಸ ಅದು.

ಸೇನೆ ಕಟ್ಟುವುದೇ ಅರ್ಧ ವಿದ್ಯೆ. ತವರ ಮತ್ತು ಸೀಸದ ಮಿಶ್ರಲೋಹವನ್ನು ರಬ್ಬರ್ ಅಚ್ಚಿಗೆ ಸುರಿದು ತೆಗೆದ ಬೊಂಬೆಗಳೇ ಹಿಂದೆ ಹೆಚ್ಚು. ಈಗ ಪ್ಲಾಸ್ಟಿಕ್ಕಿನವೂ ತ್ರೀಡಿ ಪ್ರಿಂಟರಿನಲ್ಲಿ ಮಾಡಿದವೂ ಬಂದಿವೆ. ಅಂಚು ಕೆರೆದು, ಪ್ರೈಮರ್ ಹೊಡೆದು, ಸಣ್ಣ ಕುಂಚದಿಂದ ಅಕ್ರಿಲಿಕ್ ಬಣ್ಣ ಹಾಕಿ, ತೆಳುವಾದ ಕಪ್ಪನ್ನು ಮಡಿಕೆಗಳಿಗೆ ಇಳಿಯಬಿಟ್ಟು, ಒಣಗಿದ ಮೇಲೆ ವಾರ್ನಿಷ್ ಬಳಿಯುತ್ತಾರೆ. ಡಿಬಿಎಯ ಒಂದು ಸೇನೆಗೆ ಐವತ್ತರೊಳಗೇ ಬೊಂಬೆ ಸಾಕು. ಬಣ್ಣಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಯಾವ ಬಣ್ಣ ಎಂಬ ಪ್ರಶ್ನೆ. ಗುರಾಣಿ ದುಂಡಗೋ ಉದ್ದವೋ? ಆನೆಯ ಮೇಲೆ ಅಂಬಾರಿ ಇತ್ತೋ, ಬರಿಯ ಬೆನ್ನೋ? ರಾವುತನಿಗೆ ರಿಕಾಪು ಇತ್ತೇ? ಇಂಥ ಪ್ರಶ್ನೆ ಹಿಡಿದು ಹೊರಟವರು ವಸ್ತುಸಂಗ್ರಹಾಲಯದಲ್ಲಿ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಇಷ್ಟೆಲ್ಲ ಒಬ್ಬರಿಂದ ಆಗುವ ಕೆಲಸವಲ್ಲ. ಗುಂಪು ಬೇಕಾಗುವುದು ಇಲ್ಲಿಯೇ. ಗುಡ್ಡ, ಹೊಳೆ, ಕೋಟೆಗಳ ಪೆಟ್ಟಿಗೆ ಎಲ್ಲರ ಸೊತ್ತು. ಹೊಸಬರು ಬಂದರೆ ಹಳಬರು ತಮ್ಮ ಸೇನೆಯನ್ನೇ ಆಡಲು ಕೊಡುತ್ತಾರೆ. ತಿಂಗಳುಗಟ್ಟಲೆ ಕೂತು ಬಣ್ಣ ಹಾಕಿದ ಬೊಂಬೆಗಳನ್ನು ಅಪರಿಚಿತರ ಕೈಗಿಡುವ ಆ ಔದಾರ್ಯ ನಾನು ಈ ಹವ್ಯಾಸದಲ್ಲಿ ಕಂಡ ದೊಡ್ಡ ಗುಣ. ನಿಯಮದ ಬಗ್ಗೆ ವಾದ ಎದ್ದರೆ ಪುಸ್ತಕ ತೆಗೆದು ನೋಡುತ್ತಾರೆ. ಅಲ್ಲೂ ಬಗೆಹರಿಯದಿದ್ದರೆ ದಾಳ ಹಾಕಿ ಮುಂದುವರಿಯುತ್ತಾರೆ, ಉಳಿದ ವಾದ ಆಟ ಮುಗಿದ ಮೇಲೆ. ಆಟ ಮುಗಿದ ಮೇಲಿನ ಆ ಅರ್ಧ ಗಂಟೆಗೆ ಆಟದಷ್ಟೇ ಬೆಲೆಯಿದೆ. ಎಲ್ಲಿ ತಪ್ಪಿತು, ರಾವುತರನ್ನು ಇನ್ನೆರಡು ಸರದಿ ತಡೆದಿದ್ದರೆ ಏನಾಗುತ್ತಿತ್ತು, ನಿಜವಾದ ಕಾಳಗದಲ್ಲಿ ಹಾಗೇಕೆ ಮಾಡಲಿಲ್ಲ ಎಂಬ ಮಾತು ಹರಿಯುತ್ತದೆ. ಬ್ಯಾಂಕಿನವರು, ಮೇಷ್ಟ್ರು, ಮೆಕ್ಯಾನಿಕ್, ಕಾಲೇಜು ಹುಡುಗಿ ಒಂದೇ ಮೇಜಿನ ಸುತ್ತ ನಿಂತು ಸರಿಸಮರಾಗಿ ಇತಿಹಾಸ ಮಾತಾಡುವ ಇಂಥ ಜಾಗಗಳು ಹೆಚ್ಚಿಲ್ಲ.

ಕನ್ನಡಿಗರಿಗೆ ಈ ಮೇಜಿನ ಮೇಲೆ ಸ್ವಂತ ಜಾಗವೂ ಇದೆ. ಡಿಬಿಎಯ ಸೇನಾಪಟ್ಟಿಗಳಲ್ಲಿ ಪ್ರಾಚೀನ ಭಾರತದ ಸೇನೆಗಳಿಗೂ ಮಧ್ಯಯುಗದ ಹಿಂದೂ ಅರಸರ ಸೇನೆಗಳಿಗೂ ಬೇರೆ ಬೇರೆ ಪಟ್ಟಿಗಳಿವೆ. ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರ ಕಾಲ ಈ ಎರಡನೆಯದರ ವ್ಯಾಪ್ತಿಗೆ ಬರುತ್ತದೆ. ಶತಮಾನಗಳನ್ನೂ ನೂರಾರು ಅರಸುಮನೆಗಳನ್ನೂ ಒಂದೇ ಪಟ್ಟಿಗೆ ತುರುಕಿದ್ದಾರೆ ಎಂಬುದು ನಿಜ. ಅದನ್ನು ಬಿಡಿಸಿ ತಿದ್ದಬೇಕಾದವರು ನಾವೇ, ಏಕೆಂದರೆ ಆಧಾರಗಳು ನಮ್ಮ ಊರುಗಳಲ್ಲಿವೆ. ಸುಮಾರು ಕ್ರಿ.ಶ. 900ರ ಬೇಗೂರಿನ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳು ಸೇರಿದ ಇಡೀ ಕಾಳಗವೇ ಅದರ ಮೇಲಿದೆ. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ, ಹಂಪೆಯ ಹಜಾರರಾಮ ದೇಗುಲದ ಪ್ರಾಕಾರದ ಹೊರಮೈಯಲ್ಲಿ ಸಾಲುಗಟ್ಟಿದ ಆನೆ ಕುದುರೆಗಳಿವೆ. ಬಣ್ಣ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಯಾವುದು?

ಮೇಜಿಗೆ ತರಲು ನಾನು ಮೊದಲು ಸೂಚಿಸುವ ಕಾಳಗ ಕ್ರಿ.ಶ. 949ರ ತಕ್ಕೋಲಂ. ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ಆ ಊರಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಎದುರಿಸಿದ. ಅವರ ಪಡೆಯ ಮುಂದಾಳು ಚೋಳ ದೊರೆ ಪರಾಂತಕನ ಮಗ ರಾಜಾದಿತ್ಯ. ಕೃಷ್ಣನ ಜೊತೆ ನಿಂತವನು ಅವನ ಭಾವಮೈದುನ, ಗಂಗರ ಎರಡನೆಯ ಬೂತುಗ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ರಾಜಾದಿತ್ಯನನ್ನು ಬೂತುಗ ಕೊಂದ ಎನ್ನುತ್ತದೆ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಕೊಟ್ಟ ಸಂಗತಿಯೂ ಅದರಲ್ಲಿದೆ. ಬೂತುಗನ ಬಂಟನೊಬ್ಬ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದಕ್ಕೆ ನೆಟ್ಟ ಕಲ್ಲೂ ಅದೇ. ಚೋಳರ ದಾಖಲೆ ರಾಜಾದಿತ್ಯ ಆನೆಯ ಮೇಲೆಯೇ ಮಡಿದ ಎಂದು ಹೇಳಿ, ಬಾಣದ ಹೊಡೆತವನ್ನು ಕೃಷ್ಣನ ಹೆಸರಿಗೆ ಬರೆಯುತ್ತದೆ.

ಮೇಜಿನ ಮೇಲೆ ಇಟ್ಟು ನೋಡಿದಾಗ ಈ ಎರಡು ದಾಖಲೆಗಳ ನಡುವಿನ ಒಂದು ಸಂಗತಿ ಎದ್ದು ಕಾಣುತ್ತದೆ. ಆನೆಯೇರಿದ ಸೇನಾಪತಿಯನ್ನು ಇಡೀ ಸೇನೆ ಕಾಣಬಲ್ಲದು, ಶತ್ರುವೂ ಕಾಣಬಲ್ಲ. ಡಿಬಿಎಯ ಹಳೆಯ ಆವೃತ್ತಿಗಳಲ್ಲಿ ಸೇನಾಪತಿಯ ತುಕಡಿ ಬಿದ್ದು, ಎದುರಾಳಿಗಿಂತ ಹೆಚ್ಚು ತುಕಡಿ ಕಳೆದುಕೊಂಡಿದ್ದರೆ ಅಲ್ಲಿಗೆ ಸೋಲು. ಅವನು ಇರುವ ತುಕಡಿಗೆ ಕಾದಾಟದಲ್ಲಿ ಒಂದು ಅಂಕ ಹೆಚ್ಚು ಸಿಗುವುದರಿಂದ ಅವನನ್ನು ಮುಂದೆ ನುಗ್ಗಿಸುವ ಆಸೆಯೂ ತಪ್ಪುವುದಿಲ್ಲ. ಹಿಂದೆ ಉಳಿದರೆ ಸಾಲಿಗೆ ಬಲ ಸಾಲದು, ಮುಂದೆ ಹೋದರೆ ಎಲ್ಲವೂ ಒಂದು ಬಾಣಕ್ಕೆ ಪಣ. ಒಳ್ಳೆಯ ಗುಂಪುಗಳಲ್ಲಿ ಒಂದು ಪದ್ಧತಿ ಇದೆ: ಒಮ್ಮೆ ಆಡಿದ ಮೇಲೆ ಪಕ್ಷ ಬದಲಿಸಿ ಮತ್ತೊಮ್ಮೆ ಆಡುತ್ತಾರೆ. ಚೋಳರ ಕಡೆ ನಿಂತು ಆಡಿದ ಕನ್ನಡಿಗನಿಗೆ ರಾಜಾದಿತ್ಯನ ಇಕ್ಕಟ್ಟು ತಿಳಿಯುತ್ತದೆ, ರಾಷ್ಟ್ರಕೂಟರ ಕಡೆ ನಿಂತ ತಮಿಳನಿಗೆ ಬೂತುಗನ ಧೈರ್ಯ ತಿಳಿಯುತ್ತದೆ. ನಮ್ಮವರು, ಅವರ ಕಡೆಯವರು ಎಂದು ಇತಿಹಾಸವನ್ನು ಹಂಚಿಕೊಂಡು ಕಚ್ಚಾಡುವ ಈ ದಿನಗಳಲ್ಲಿ ಈ ಪದ್ಧತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ಸಾವುನೋವಿನ ಸಂಗತಿಯನ್ನು ಆಟ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ವೆಲ್ಸ್ ತನ್ನ ಪುಸ್ತಕದ ಕೊನೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ದೊಡ್ಡ ಯುದ್ಧದ ಹುಚ್ಚಿಗೆ ಈ ಪುಟ್ಟ ಯುದ್ಧವೇ ಮದ್ದು, ಇದನ್ನು ಕೆಲವು ಬಾರಿ ಆಡಿದವರಿಗೆ ನಿಜವಾದ ಯುದ್ಧ ಎಂಥ ಗೊಂದಲದ, ಎಡವಟ್ಟಿನ ಕೆಲಸವೆಂದು ಅರಿವಾಗುತ್ತದೆ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಸಿಡಿಯಿತು. ಪುಸ್ತಕ ಅದನ್ನು ತಡೆಯಲಿಲ್ಲ, ಆದರೆ ವಾದ ಸುಳ್ಳಾಗಲಿಲ್ಲ. ಎಚ್ಚರಿಕೆಯಿಂದ ಹೂಡಿದ ಯೋಜನೆಯೊಂದು ದಾಳದ ಒಂದು ಬಿದ್ದಿತೆಂದು ಕುಸಿಯುವುದನ್ನು ಕಂಡವರು, ಯುದ್ಧವಾದರೆ ಎಲ್ಲ ಸರಿಹೋಗುತ್ತದೆ ಎಂದು ಟಿವಿಯ ಮುಂದೆ ಕೂತು ಕೂಗುವುದಿಲ್ಲ. ಬಿದ್ದ ಬೊಂಬೆಯನ್ನು ನಾವು ಎತ್ತಿ ಡಬ್ಬಿಗೆ ಹಾಕಿ ಮುಂದಿನ ವಾರ ಮತ್ತೆ ನಿಲ್ಲಿಸುತ್ತೇವೆ. ವೀರಗಲ್ಲಿನ ಮೇಲೆ ಹೆಸರಾಗಿ ಉಳಿದವನು ಹಾಗೆ ಎದ್ದು ಬರಲಿಲ್ಲ. ಆ ವ್ಯತ್ಯಾಸವನ್ನು ಮರೆಯದೆ ಆಡುವುದು ಆಟಗಾರನ ಮೊದಲ ಮರ್ಯಾದೆ.

ಶುರುಮಾಡಲು ದುಬಾರಿ ಬೊಂಬೆಗಳಿಗೆ ಕಾಯಬೇಕಾಗಿಲ್ಲ. ನಾಲ್ಕು ಸೆಂಟಿಮೀಟರ್ ಅಗಲದ ರಟ್ಟಿನ ತುಂಡುಗಳು ಕಡೆಗೆ ಹನ್ನೆರಡು, ಎರಡಡಿ ಚೌಕದ ಬಟ್ಟೆ, ಎರಡು ದಾಳ, ಒಂದು ಅಳತೆ ಪಟ್ಟಿ ಸಾಕು. ರಟ್ಟಿನ ಮೇಲೆ ಆನೆ, ರಾವುತ, ಬಿಲ್ಲುಗಾರ ಎಂದು ಬರೆದುಕೊಂಡರೆ ಸೇನೆ ಸಿದ್ಧ. ಚನ್ನಪಟ್ಟಣದ, ಕಿನ್ನಾಳದ ಬೊಂಬೆಗಳ ನಾಡಿಗೆ ಮುಂದೆ ಬೇಕಾದ ಬೊಂಬೆ ಮಾಡಿಕೊಳ್ಳುವುದು ಕಷ್ಟವಲ್ಲ. ಕಾಲೇಜಿನ ಇತಿಹಾಸ ವಿಭಾಗವೋ, ಊರಿನ ಗ್ರಂಥಾಲಯವೋ, ಕನ್ನಡ ಸಂಘವೋ ಭಾನುವಾರ ಮಧ್ಯಾಹ್ನ ಒಂದು ಮೇಜು ಬಿಟ್ಟುಕೊಟ್ಟರೆ ಆಯಿತು. ಹೊರದೇಶಗಳಲ್ಲಿರುವ ಕನ್ನಡಿಗರು ತಮ್ಮೂರಿನ ಯುದ್ಧದಾಟದ ಗುಂಪನ್ನು ಹುಡುಕಿ ಹೋಗಲಿ. ಅಲ್ಲಿಯವರಿಗೆ ರೋಮ್ ಗೊತ್ತು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಗೊತ್ತಿಲ್ಲ, ನೀವು ಹೇಳಿಕೊಡಬಹುದು. ಇತಿಹಾಸ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ: ಈ ವರ್ಷ ಒಂದೇ ಒಂದು ಕಾಳಗವನ್ನು ಆರಿಸಿಕೊಳ್ಳಿ, ಅದರ ಶಾಸನವನ್ನು ಮಕ್ಕಳ ಕೈಗೆ ಕೊಡಿ, ಎರಡು ಪಕ್ಷ ಮಾಡಿ ಆಡಿಸಿ. ಆಮೇಲೆ ಪಕ್ಷ ಬದಲಿಸಿ ಇನ್ನೊಮ್ಮೆ ಆಡಿಸಿ.